ನೀಲಗಿರಿ ಎಣ್ಣೆ ಹಚ್ಚಿಕೊಂಡವಳು

ಕಳೆದ ಭಾನುವಾರ ಕಾರ್ಕಳದಿಂದ ಉಡುಪಿಗೆ ಬರುವ ಬಸ್ಸಿನಲ್ಲಿ ನನ್ನ ಗೆಳತಿ ಇದ್ದಕ್ಕಿದ್ದಂತೆ ಸೀಟು ಬಿಟ್ಟು ಎದ್ದಳು.

ಬಸ್ಸು ಗಿಜಿಗಿಜಿ ಅನ್ನುತ್ತಿತ್ತು. ಬೈಲೂರಿನಲ್ಲಿ ಹತ್ತಿದವರಿಗೆ ಎರಡೂ ಕಾಲು ಊರಲು ಜಾಗ ಸಿಕ್ಕಿರಲಿಲ್ಲ. ಅಂಥ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟನ್ನು ಸುಮ್ಮನೆ ಬಿಟ್ಟುಕೊಡುವವರನ್ನು ನೀವು ನೋಡಿದ್ದೀರಾ? ನಾನು ನೋಡಿಲ್ಲ. ಆದದ್ದಿಷ್ಟೇ. ನಮ್ಮ ಹಿಂದೆ ಕೂತಿದ್ದ ಹೆಂಗಸು ಶೀತವಾದ ಮಗುವಿನ ಎದೆಗೆ ಹಚ್ಚಲೆಂದು ನೀಲಗಿರಿ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದಳು. ವಾಸನೆ ಇಡೀ ಬಸ್ಸಿಗೆ ಹಬ್ಬಿತು. ನನಗೆ ಹಿತವೇ ಆಯಿತು. ಗೆಳತಿ ಮಾತ್ರ ಎದ್ದು, ಜನರ ನಡುವೆ ನುಗ್ಗಿ, ಬಾಗಿಲ ಹತ್ತಿರ ಹೋಗಿ ಗಾಳಿಗೆ ಮುಖವೊಡ್ಡಿ ನಿಂತಳು. ಒಳಗೆ ಹೋಗಿ ಅಂತ ಕಂಡಕ್ಟರ್ ಗದರಿದ. ಇವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಹಿರಿಯಡಕ ಬಂದದ್ದೇ ಇಳಿದುಬಿಟ್ಟಳು.

(ನಮ್ಮ ಟಿಕೆಟ್ ಉಡುಪಿಯವರೆಗೆ ಇತ್ತು.)

ನಾನೂ ಇಳಿದೆ. ಎದುರಿನ ಹೋಟೆಲಿನಲ್ಲಿ ಚಹಾ ಹೇಳಿ ಕೂತೆವು. ಅವಳ ಕಥೆ ನನಗೆ ಗೊತ್ತಿಲ್ಲದ್ದೇನಲ್ಲ. ಇಷ್ಟು ವರ್ಷಗಳಲ್ಲಿ ತುಂಡು ತುಂಡಾಗಿ ಕೇಳಿದ್ದೆ. ಅವತ್ತು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದಳು. ಹೇಳಿ ಮುಗಿಸಿ, "ಪ್ರತಿ ವಾರ ಎಂತದ್ದಾದರೂ ಬರೀತಾ ಇರ್ತೀಯಲ್ಲ, ಇದನ್ನೂ ಬರಿ ಮಾರಾಯ್ತಿ. ಹೆಸರು ಮಾತ್ರ ಹಾಕಬೇಡ" ಅಂದಳು.

ನಿನ್ನ ಗಂಡ ಓದಿದರೆ ಅಂತ ಕೇಳಿದೆ. ಓದಲಿ ಅಂದಳು.

ಹಾಗಾಗಿ ಅವಳನ್ನು ಸುಮಿತ್ರಾ ಅಂತ ಕರೆಯುತ್ತೇನೆ. ಅವಳ ಗಂಡನಿಗೆ ಶ್ರೀಪತಿ ಅಂತ ಹೆಸರಿಡುತ್ತೇನೆ. ಇಬ್ಬರ ನಡುವೆ ಇನ್ನೊಬ್ಬಳಿದ್ದಳು. ಅವಳು ವಾರಿಜಾ. (ನಾವೆಲ್ಲ ಮಾತಾಡುವುದು ತುಳುವಿನಲ್ಲಿ. ಬರೆಯುವಾಗ ಕನ್ನಡ. ಮಾತಿನ ಬಿಸಿ ಸ್ವಲ್ಪ ಆರಿದ್ದರೆ ಕ್ಷಮಿಸಿ.)

ಶ್ರೀಪತಿಯ ಊರು ಕಾಪು. ಓದಿನಲ್ಲಿ ಬುದ್ಧಿವಂತ, ಮಾತಿನಲ್ಲಿ ಮೆದು. ಮಣಿಪಾಲದಲ್ಲಿ ಒಂದು ಪ್ರಯೋಗಾಲಯದಲ್ಲಿ ಕೆಲಸ. ಅಲ್ಲಿ ಸಾಲುಸಾಲು ಪಂಜರಗಳಲ್ಲಿ ಬಿಳಿ ಇಲಿಗಳನ್ನು ಸಾಕುತ್ತಿದ್ದರು. ಮೊದಲ ಹೆಂಡತಿ ವಾರಿಜಾಳಿಗೆ ಚಿಕ್ಕಂದಿನಿಂದ ದಮ್ಮು. ಮದುವೆಗೆ ಮೊದಲೇ ಅದನ್ನು ಹೇಳಿದ್ದರು. ತೊಂದರೆ ಇಲ್ಲ ಅಂತ ಈತನೇ ಹಟ ಹಿಡಿದು ಮದುವೆಯಾದದ್ದು. ಮಣಿಪಾಲದ ಗುಡ್ಡದ ಮೇಲೆ ಮನೆ ಮಾಡಿದರು. ಅಲ್ಲಿಯ ಮಳೆಗಾಲ ನಿಮಗೆ ಗೊತ್ತು. ಗೋಡೆ ಬೆವರುತ್ತದೆ, ಬಟ್ಟೆ ವಾರವಾದರೂ ಒಣಗುವುದಿಲ್ಲ. ವಾರಿಜಾ ಸೆರಗಿನ ತುದಿಗೆ, ಕರವಸ್ತ್ರಕ್ಕೆ, ಎದೆಗೆ ನೀಲಗಿರಿ ಎಣ್ಣೆ ಹಾಕಿಕೊಳ್ಳುತ್ತಿದ್ದಳು. ರಾತ್ರಿ ಉಸಿರು ಕಟ್ಟಿದರೆ ಶ್ರೀಪತಿ ಎದ್ದು ಬೆನ್ನಿಗೆ ತಾನೇ ತಿಕ್ಕುತ್ತಿದ್ದ. ಆ ಮನೆಗೆ ಹೋದವರಿಗೆಲ್ಲ ಮೊದಲು ಸಿಗುತ್ತಿದ್ದದ್ದು ಆ ವಾಸನೆ. ನೆಂಟರು ಹಿಂದಿನಿಂದ ಆಸ್ಪತ್ರೆ ಮನೆ ಅಂತ ಆಡಿಕೊಳ್ಳುತ್ತಿದ್ದರು.

ಅವರಿಬ್ಬರೂ ಬಹಳ ಸುಖವಾಗಿದ್ದರು. ಇದನ್ನು ಹೇಳಿದವಳು ಯಾರು ಗೊತ್ತಾ? ಸುಮಿತ್ರಾಳೇ.

ಮಳೆಗಾಲದ ನಡುವಿನ ಒಂದು ಆಟಿ ತಿಂಗಳಲ್ಲಿ, ಮಟಮಟ ಮಧ್ಯಾಹ್ನ, ವಾರಿಜಾಳ ದಮ್ಮು ಇಳಿಯಲಿಲ್ಲ. ಆಸ್ಪತ್ರೆ ಕೂಗಳತೆಯಲ್ಲಿತ್ತು. ಆದರೂ ತಲುಪುವಷ್ಟರಲ್ಲಿ ಮುಗಿದಿತ್ತು.

ಶ್ರೀಪತಿ ಎರಡು ವರ್ಷ ಒಬ್ಬನೇ ಇದ್ದ. ಮನೆ ಬದಲಿಸಿದ. ಅವಳ ಸೀರೆಗಳನ್ನು ಅವಳ ತಂಗಿಯರಿಗೆ ಕೊಟ್ಟ. ಊಟ, ಕೆಲಸ, ನಿದ್ದೆ. ಯಾರ ಹತ್ತಿರವೂ ಅಳಲಿಲ್ಲ. ಕಾಪುವಿನಲ್ಲಿ ಅವನ ಅಮ್ಮನಿಗೆ ಅದೇ ಹೆದರಿಕೆ. ಅತ್ತಿದ್ದರೆ ಆಕೆಗೆ ಸಮಾಧಾನವಾಗುತ್ತಿತ್ತೋ ಏನೋ. ಇನ್ನೊಂದು ಮದುವೆ ಮಾಡಿದರೆ ಮರೆಯುತ್ತಾನೆ ಅಂತ ಆಕೆ ಹೇಳಿದರು. ಅಕ್ಕ ಹೇಳಿದಳು. ಪುರೋಹಿತರು ಹೇಳಿದರು. ಎಲ್ಲರೂ ಹೇಳಿದರು.

ಇತ್ತ ಕಾರ್ಕಳದಲ್ಲಿ ನನ್ನ ಸುಮಿತ್ರಾ. ಹೈಸ್ಕೂಲಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಶಾಲೆಯಲ್ಲಿ ಟೀಚರ್ ಆಗಿದ್ದಳು. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು, ಅಂಥ ಕಂಠ. ಜಾತಕದಲ್ಲಿ ಎಂತದ್ದೋ ದೋಷ ಅಂತ ಗಂಡು ಕೂಡಿಬಂದಿರಲಿಲ್ಲ. ಪ್ರಾಯ ಮೂವತ್ತರ ಹತ್ತಿರ. ಎರಡನೇ ಸಂಬಂಧವಾದರೆ ಜಾತಕ ಅಷ್ಟು ನೋಡುವುದಿಲ್ಲ. (ಯಾಕೆ ನೋಡುವುದಿಲ್ಲ? ಗ್ರಹಗಳಿಗೂ ಸೆಕೆಂಡ್ ಹ್ಯಾಂಡ್ ರೇಟು ಉಂಟಾ?) ನೋಡಲು ಬಂದ ದಿನ ಶ್ರೀಪತಿ ಅವಳನ್ನು ಹಾಡು ಅನ್ನಲಿಲ್ಲ, ಅಡುಗೆ ಕೇಳಲಿಲ್ಲ. ನಿಮಗೆ ಒಪ್ಪಿಗೆ ಇಲ್ಲದಿದ್ದರೆ ಹೇಳಿ, ನಾನೇ ಬೇಡ ಅಂದೆ ಅಂತ ಹೇಳಿಬಿಡುತ್ತೇನೆ ಅಂದನಂತೆ. ಆ ಮಾತಿಗೇ ಇವಳು ಸೋತಳು. ಕೆಲಸ ಬಿಟ್ಟಳು, ಮಣಿಪಾಲಕ್ಕೆ ಬಂದಳು.

ಮದುವೆಗೆ ಉಚ್ಚಿಲದ ಸೋದರತ್ತೆಯ ಮಗ ಗಲ್ಫಿನಿಂದ ತಂದ ಸೆಂಟಿನ ಬಾಟಲಿ ಉಡುಗೊರೆ ಕೊಟ್ಟಿದ್ದ. ನಮ್ಮೂರಲ್ಲಿ ಅದು ದೊಡ್ಡ ಸಂಗತಿ. ಹೊಸ ಮದುಮಗಳು ಹಾಕಿಕೊಂಡಳು. ತಲೆ ತುಂಬ ಮಲ್ಲಿಗೆ ಮುಡಿದಳು. ಶ್ರೀಪತಿ ಚೆಂದ ಉಂಟು ಅಂದ. ಹೇಳಿ, ಕಿಟಕಿಯ ಹತ್ತಿರ ಹೋಗಿ ನಿಂತ.

ಅವನು ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಈ ಅಂಕಣ ಬರೆಯುವುದು ಎಷ್ಟು ಸುಲಭವಾಗುತ್ತಿತ್ತು! ಹಬ್ಬಕ್ಕೆ ಸೀರೆ ತಂದ. ತಿಂಡಿ ಚೆನ್ನಾಗಿದ್ದರೆ ಚೆನ್ನಾಗಿದೆ ಅಂದ. ಸಂಜೆ ಜೊತೆಗೆ ವಾಕಿಂಗ್ ಹೋದ. ಆದರೆ ಹತ್ತಿರ ಬರಲಿಲ್ಲ. ಮಂಚದ ಆ ತುದಿಯಲ್ಲಿ ಅವನು, ಈ ತುದಿಯಲ್ಲಿ ಇವಳು. ತಿಂಗಳುಗಳು ಕಳೆದವು. ಕಾರ್ಕಳಕ್ಕೆ ಹೋದಾಗಲೆಲ್ಲ ಹೆಂಗಸರು ಇವಳ ಹೊಟ್ಟೆ ನೋಡುತ್ತಿದ್ದರು. ಉಡುಪಿಯಲ್ಲಿ ನಮ್ಮ ಮನೆಗೆ ಬಂದು ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ನಾನು ಚೆನ್ನಾಗಿಲ್ವಾ ಅಂತ ಕೇಳುತ್ತಿದ್ದಳು. ಅದಕ್ಕೆ ಎಂತ ಹೇಳುವುದು? ಸ್ವಲ್ಪ ಸಮಯ ಕೊಡು ಅಂತ, ಎಲ್ಲರೂ ಹೇಳುವುದನ್ನೇ ಹೇಳಿದೆ.

ಆ ವರ್ಷ ಮಳೆ ಶುರುವಾದಾಗ ಸುಮಿತ್ರಾಳಿಗೆ ಜೋರು ಶೀತ, ಜ್ವರ. ಅತ್ತೆ ಕಾಪುವಿನಿಂದ ಬಂದರು. ಬಂದವರೇ ಗಂಜಿ ಮಾಡಿ ಕುಡಿಸಿ, ಎದೆಗೆ, ಬೆನ್ನಿಗೆ, ಹಣೆಗೆ ನೀಲಗಿರಿ ಎಣ್ಣೆ ತಿಕ್ಕಿ ಮಲಗಿಸಿದರು. ಎಲ್ಲ ಮನೆಗಳಲ್ಲಿ ಮಾಡುವುದೇ. ಆಕೆಯ ಮನಸ್ಸಿನಲ್ಲಿ ಬೇರೆ ಯಾವ ಯೋಚನೆಯೂ ಇರಲಿಲ್ಲ.

ಸಂಜೆ ಶ್ರೀಪತಿ ಕೆಲಸದಿಂದ ಬಂದ. ಕೊಡೆ ಮಡಚಿ ಇಟ್ಟು ಒಳಗೆ ಕಾಲಿಟ್ಟವನು ಕೋಣೆಯ ಬಾಗಿಲಲ್ಲಿ ನಿಂತುಬಿಟ್ಟ. ಆಮೇಲೆ ಬಂದು ಅವಳ ಪಕ್ಕ ಕೂತ. ಕೈ ಹಿಡಿದುಕೊಂಡ. ಕೂದಲು ಸವರಿದ. ಸುಮಿತ್ರಾಳಿಗೆ ಜ್ವರದಲ್ಲೂ ಮೈ ಹಗುರಾಯಿತು. ಕಾಯಿಲೆ ಬಿದ್ದದ್ದಕ್ಕೆ ಕರಗಿದರು ಅಂದುಕೊಂಡಳು. ವಾರವಿಡೀ ಹಾಗೆಯೇ ಇದ್ದ. ಶೀತ ವಾಸಿಯಾಯಿತು. ತಲೆಗೆ ಸ್ನಾನ ಮಾಡಿ ಬಂದಳು. ಅವನು ಮತ್ತೆ ಮಂಚದ ಆ ತುದಿಗೆ ಹೋದ.

ಯಾಕೆ ಅಂತ ಅವಳಿಗೂ ಗೊತ್ತಾಗಲಿಲ್ಲ, ಅವನಿಗೂ.

ಗೊತ್ತಾದದ್ದು ಊಟದ ಹೊತ್ತಿನಲ್ಲಿ. ಶ್ರೀಪತಿ ಮಾತಿನಲ್ಲಿ ಹುರುಪು ತೋರಿಸುತ್ತಿದ್ದದ್ದು ಒಂದೇ ವಿಷಯಕ್ಕೆ, ಅವನ ಇಲಿಗಳಿಗೆ. ಅವತ್ತು ಕೇಳದೆಯೇ ಹೇಳಿದ. ಹಾಲೂಡಿಸುವ ತಾಯಿ ಇಲಿಯ ಹೊಟ್ಟೆಗೆ ನಿಂಬೆಯ ವಾಸನೆ ಹಚ್ಚುತ್ತೇವೆ. ಮರಿಗಳು ಆ ವಾಸನೆಯಲ್ಲೇ ಮುಳುಗಿ ಹಾಲು ಕುಡಿಯುತ್ತವೆ. ಆಮೇಲೆ ತಾಯಿಯಿಂದ ಬೇರೆ ಮಾಡುತ್ತೇವೆ, ಮತ್ತೆ ಆ ವಾಸನೆ ಅವಕ್ಕೆ ಸಿಗುವುದಿಲ್ಲ. ಗಂಡುಮರಿಗಳು ಪ್ರಾಯಕ್ಕೆ ಬಂದ ಮೇಲೆ ಹೆಣ್ಣಿನ ಜೊತೆ ಬಿಡುತ್ತೇವೆ. ಹೆಣ್ಣಿಗೆ ನಿಂಬೆಯ ವಾಸನೆ ಇದ್ದರೆ ಗಂಡು ಬೇಗ ಕೂಡುತ್ತದೆ. ಇಲ್ಲದಿದ್ದರೆ ಸುತ್ತುತ್ತದೆ, ಮೂಸುತ್ತದೆ, ತಡ ಮಾಡುತ್ತದೆ.

ದೊಡ್ಡ ಗಂಡಿಗೂ ಹೀಗೆಯೇ ಅಂತೆ. ಮೊದಮೊದಲು ಯಾವ ವಾಸನೆಯ ಹೆಣ್ಣಿನ ಜೊತೆ ಸುಖ ಕಂಡಿತೋ, ಆಮೇಲೆ ನಾಲ್ಕಾರು ಹೆಣ್ಣುಗಳ ನಡುವೆ ಬಿಟ್ಟರೂ ಅದೇ ವಾಸನೆಯದ್ದರ ಹತ್ತಿರ ಹೋಗುತ್ತದೆ. ನಿಂಬೆಗೂ ಇಲಿಯ ಸಂಸಾರಕ್ಕೂ ಎಂತ ಸಂಬಂಧ? ಏನೂ ಇಲ್ಲ. ಹುಟ್ಟಿನಿಂದ ಬಂದದ್ದಲ್ಲ ಅದು, ಕಲಿತದ್ದು. ಅದೇ ಸ್ವಾರಸ್ಯ ಅಂದ ಶ್ರೀಪತಿ, ಅನ್ನಕ್ಕೆ ಸಾರು ಕಲಸಿಕೊಳ್ಳುತ್ತಾ.

ಸುಮಿತ್ರಾಳ ಕೈಯಲ್ಲಿದ್ದ ಸೌಟು ಹಾಗೆಯೇ ನಿಂತಿತು. ಹಳೆಯ ಮನೆಯ ನೀಲಗಿರಿ ವಾಸನೆಯ ಬಗ್ಗೆ ನೆಂಟರು ಆಡಿಕೊಂಡದ್ದು ಅವಳ ಕಿವಿಗೂ ಬಿದ್ದಿತ್ತು.

ನೀವಾಗಿದ್ದರೆ ಏನು ಮಾಡುತ್ತಿದ್ದಿರಿ? ಸುಲಭವಾಗಿ ಉತ್ತರ ಹೇಳಬೇಡಿ. ಮಂಚದ ತುದಿಯಲ್ಲಿ ಒಂದು ವರ್ಷ ಮಲಗಿದ ಮೇಲೆ ಹೇಳಿ. ಅವಳು ಮರುದಿನ ಉಡುಪಿಗೆ ಬಂದಳು. ರಥಬೀದಿಯ ಅಂಗಡಿಯಲ್ಲಿ ನೀಲಗಿರಿ ಎಣ್ಣೆ ತೆಗೆದುಕೊಂಡಳು. ಸಂಜೆ ಸ್ನಾನ ಮಾಡಿ, ಕತ್ತಿನ ಹತ್ತಿರ ಸ್ವಲ್ಪ, ಸೆರಗಿನ ತುದಿಗೆ ಸ್ವಲ್ಪ ಹಾಕಿಕೊಂಡಳು.

ಅವನು ಬಂದ. ಹತ್ತಿರ ಬಂದ.

ಆ ತಿಂಗಳುಗಳಲ್ಲಿ ಸುಮಿತ್ರಾ ಬಹಳ ಚೆಂದ ಕಾಣುತ್ತಿದ್ದಳು. ನಮ್ಮ ಮನೆಗೆ ಬಂದರೆ ಹಾಡು ಗುನುಗುತ್ತಿದ್ದಳು. ವಾಸನೆಯೇನೋ ಬರುತ್ತಿತ್ತು. ಶೀತವಾ ಅಂತ ಕೇಳಿದರೆ ಹೂಂ ಅನ್ನುತ್ತಿದ್ದಳು. ಆಮೇಲೆ ಬಸುರಿ ಅಂತ ಗೊತ್ತಾಯಿತು. ಕಾಪುವಿನ ಅತ್ತೆ ದೇವರಿಗೆ ಹೂವಿನ ಪೂಜೆ ಮಾಡಿಸಿದರು. ಮಗ ಮರೆತ, ಮದುವೆ ಮಾಡಿಸಿದ್ದು ಸಾರ್ಥಕವಾಯಿತು ಅಂತ ಆಕೆಗೆ ಸಂತೋಷ.

ಒಂದು ಸಂಜೆ ಜೋರು ಮಳೆ. ಕರೆಂಟು ಹೋಗಿತ್ತು. ಇಬ್ಬರೂ ಚಾವಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತಿದ್ದರು. ಅವಳ ತಲೆ ಅವನ ಹೆಗಲ ಮೇಲಿತ್ತು. ಮಳೆಯ ಸದ್ದು ಮಾತ್ರ. ಶ್ರೀಪತಿ ಅವಳ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ತಿಕ್ಕತೊಡಗಿದ. ಬಹಳ ಮೃದುವಾಗಿ ಕೇಳಿದ.

"ಉಸಿರು ಸರಿ ಉಂಟಾ ಈಗ?"

ಸುಮಿತ್ರಾಳಿಗೆ ಜೀವಮಾನದಲ್ಲಿ ದಮ್ಮು ಬಂದದ್ದಿಲ್ಲ.

ಏನು ಹೇಳಿದೆ ಅಂತ ಹಿರಿಯಡಕದ ಹೋಟೆಲಿನಲ್ಲಿ ಅವಳನ್ನು ಕೇಳಿದೆ. ಚಹಾದ ಲೋಟ ನೋಡುತ್ತಾ ಹೇಳಿದಳು, "ಸರಿ ಉಂಟು ಅಂದೆ. ಅವಳ ಪರವಾಗಿ ಹೇಳಿದೆ. ಪಾಪ, ಅವಳಿಗೆ ಹೇಳ್ಲಿಕ್ಕೆ ಆಗಿರಲಿಲ್ಲ ಅಲ್ವಾ?"

ನಾನು ಇನ್ನೊಂದು ಚಹಾ ಹೇಳಿದೆ.

ಅವನು ಬೇಕಂತ ಕೇಳಿದ್ದಲ್ಲ. ಕೇಳಿದ್ದು ನೆನಪಿನಲ್ಲೂ ಉಳಿದಿರಲಿಲ್ಲ. ಕರೆಂಟು ಬಂದದ್ದೇ ಎದ್ದು ರೇಡಿಯೋ ಹಾಕಿದನಂತೆ. ಆದರೆ ಅವತ್ತಿನಿಂದ ಅವಳಿಗೆ ಬಾಟಲಿ ಮುಟ್ಟಲು ಆಗಲಿಲ್ಲ. ವಾಸನೆ ಬಂದರೆ ಎದ್ದು ಹೊರಗೆ ಹೋಗುತ್ತಿದ್ದಳು. ಬಸುರಿ ಅಂತ ಎಲ್ಲರೂ ಸಮಾಧಾನ ಹೇಳಿದರು.

ಒಂದು ಶನಿವಾರ ಮಧ್ಯಾಹ್ನ ಅವಳೇ ಪ್ರಯೋಗಾಲಯಕ್ಕೆ ಹೋದಳು. ನಿಮ್ಮ ಇಲಿಗಳನ್ನು ತೋರಿಸಿ ಅಂದಳು. ರಜೆಯ ಹೊತ್ತು, ಬೇರೆ ಯಾರೂ ಇರಲಿಲ್ಲ. ಶ್ರೀಪತಿಗೆ ಖುಷಿಯೋ ಖುಷಿ. ಒಂದೊಂದೇ ಪಂಜರ ತೋರಿಸಿದ. ಗಂಡಿಲಿಗಳನ್ನು ತೋರಿಸಿದ. ವಾಸನೆ ಹಚ್ಚಲು ಇಟ್ಟಿದ್ದ ಹೆಣ್ಣಿಲಿಗಳನ್ನು ತೋರಿಸಿದ. ಅವು ಮೂಲೆಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗಿದ್ದವು. ಸುಮಿತ್ರಾ ಬಗ್ಗಿ ನೋಡಿ, ಇವಕ್ಕೆ ಯಾವ ವಾಸನೆ ಇಷ್ಟ ಅಂತ ಕೇಳಿದಳು. ಅದು ನಮ್ಮ ಪ್ರಯೋಗದಲ್ಲಿ ಬರುವುದಿಲ್ಲ ಅಂದ ಅವನು.

ಆಗ ಅವಳು ಎಲ್ಲ ಹೇಳಿದಳು. ಜ್ವರದ ವಾರದಿಂದ ಹಿಡಿದು ಮಳೆಯ ಸಂಜೆಯವರೆಗೆ. ದನಿ ಏರಿಸದೆ ಹೇಳಿದಳು.

ಶ್ರೀಪತಿ ಸ್ಟೂಲಿನ ಮೇಲೆ ಕೂತುಬಿಟ್ಟ.  ಪಂಜರಗಳತ್ತ ನೋಡುತ್ತಾ ಹೇಳಿದ.

"ನಾನು ಇಲಿಗಳಿಗೆ ಮಾಡಿದ್ದನ್ನು ನೀನು ನನಗೆ ಮಾಡಿದೆ."

"ಇಲ್ಲ. ಅದನ್ನು ನಾನು ನನಗೇ ಮಾಡಿಕೊಂಡದ್ದು" ಅಂದಳು ಸುಮಿತ್ರಾ. "ಎಣ್ಣೆ ಹಚ್ಚಿಕೊಂಡವಳು ನಾನಲ್ವಾ?"

ಆಗ ಅವನು ಅತ್ತ. ವಾರಿಜಾ ಹೋದ ಮೇಲೆ ಮೊದಲ ಸಲ, ಪಂಜರಗಳ ನಡುವೆ ಕೂತು, ಬಿಕ್ಕಿ ಬಿಕ್ಕಿ ಅತ್ತ. ಸುಮಿತ್ರಾ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿ ಹಿಡಿದುಕೊಂಡು ನಿಂತಳು. ಒಳಗೆ ಮಗು ಒದೆಯುತ್ತಿತ್ತು. ಗಂಡ ಅಳುತ್ತಿರುವುದು ಇನ್ನೊಬ್ಬಳಿಗಾಗಿ. ಹಿಡಿದುಕೊಂಡಿರುವವಳು ಇವಳು. ಸಿಟ್ಟು ಬರಲಿಲ್ವಾ ಅಂತ ಕೇಳಿದೆ. ಬಂತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ ಅಂದಳು.

ಅದಾದ ಮೇಲೆ ಅವನು ಪ್ರಯತ್ನ ಮಾಡಿದ. ಅದನ್ನೂ ಹೇಳಬೇಕು. ನೀನು ನಿನಗೆ ಬೇಕಾದ ಹಾಗೆ ಇರು, ನಾನು ಕಲಿಯುತ್ತೇನೆ ಅಂದ. ದಿನಾ ಸಂಜೆ ಅವಳ ಪಕ್ಕ ಬಂದು ಕೂರುತ್ತಿದ್ದ. ಅವಳ ಕೈ ಹಿಡಿದುಕೊಳ್ಳುತ್ತಿದ್ದ. ಆದರೆ ಅವನ ಕೈ ತಣ್ಣಗಿರುತ್ತಿತ್ತು. ಕಷಾಯ ಕುಡಿಯುವವರು ಮುಖ ಸಿಂಡರಿಸದೆ ಕುಡಿಯಲು ನೋಡುತ್ತಾರಲ್ಲ, ಹಾಗೆ. ದ್ವೇಷವನ್ನಾದರೂ ತಡೆದುಕೊಳ್ಳಬಹುದಿತ್ತು, ಆ ಪ್ರಯತ್ನವನ್ನು ತಡೆದುಕೊಳ್ಳಲು ಆಗಲಿಲ್ಲ ಅಂದಳು ಸುಮಿತ್ರಾ.

ಹೆರಿಗೆಗೆ ಕಾರ್ಕಳಕ್ಕೆ ಹೋದವಳು ಮರಳಿ ಮಣಿಪಾಲಕ್ಕೆ ಬರಲಿಲ್ಲ.

ಜಗಳ ಇಲ್ಲ, ಕೋರ್ಟು ಇಲ್ಲ. ಜನರಿಗೆ ಅದೇ ಸಮಸ್ಯೆ. ಕುಡಿಯುತ್ತಾನಾ? ಹೊಡೆಯುತ್ತಾನಾ? ಅತ್ತೆ ಜೋರಾ? ಎಲ್ಲದಕ್ಕೂ ಇಲ್ಲ ಅಂದರೆ, ಮತ್ತೆ ಇವಳಿಗೆಂತ ಕೊಬ್ಬು ಅಂತ ತೀರ್ಮಾನ. ಹಳೆಯ ಶಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಈಗ ಒಂದು ನರ್ಸರಿಯಲ್ಲಿ ಪುಟ್ಟ ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ಮಗಳಿಗೆ ನಾಲ್ಕು ವರ್ಷ. ಅಮ್ಮನ ಕಂಠ, ಅಪ್ಪನ ಕಣ್ಣು.

ಶ್ರೀಪತಿ ಬಿಡುವಿದ್ದ ಭಾನುವಾರ ಕಾರ್ಕಳಕ್ಕೆ ಬರುತ್ತಾನೆ. ಮಗಳನ್ನು ಎತ್ತಿಕೊಂಡು ಆನೆಕೆರೆಯವರೆಗೆ ನಡೆದುಕೊಂಡು ಹೋಗುತ್ತಾನೆ. ಮಗಳೆಂದರೆ ಪ್ರಾಣ. ಊಟ ಮಾಡಿ, ಮಾವನ ಹತ್ತಿರ ಮಾತಾಡಿ, ಸಂಜೆಯ ಬಸ್ಸಿಗೆ ಹೊರಡುತ್ತಾನೆ. ಹೊರಡುವಾಗ ಒಮ್ಮೆ ಅಂಗಳದಲ್ಲಿ ನಿಂತು ಮನೆಗೆ ಬಾ ಅಂತ ಕರೆದ. ಮನಸ್ಸಿನಿಂದಲೇ ಕರೆದ, ಅದರಲ್ಲಿ ಸುಮಿತ್ರಾಳಿಗೆ ಸಂಶಯವಿಲ್ಲ.

"ಯಾರು ಬರಬೇಕು?" ಅಂತ ಕೇಳಿದಳು ಇವಳು.

ಅವನು ಚಪ್ಪಲಿ ಮೆಟ್ಟಿಕೊಂಡು ಹೋದ.

ನಾನು ಅವನನ್ನು ಒಮ್ಮೆ ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ಕಂಡಿದ್ದೆ. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಇಲಿಗಳ ಕೆಲಸ ಬಿಟ್ಟು ಈಗ ಪಾಠ ಮಾತ್ರ ಮಾಡುತ್ತೇನೆ ಅಂದ. ಇಬ್ಬರೂ ಬಸ್ಸಿನ ಬೋರ್ಡು ನೋಡುತ್ತಾ ನಿಂತೆವು. ಆಮೇಲೆ ಅವನೇ ಹೇಳಿದ, "ತನಗೆ ಎಂತ ಕಲಿಸಿದ್ದಾರೆ ಅಂತ ಇಲಿಗೆ ಗೊತ್ತಿರುವುದಿಲ್ಲ. ನನಗೆ ಗೊತ್ತಾಯಿತು. ಗೊತ್ತಾದರೆ ಬಿಟ್ಟುಹೋಗ್ತದೆ ಅಂದುಕೊಂಡಿದ್ದೆ. ಹೋಗುವುದಿಲ್ಲ ನೋಡಿ."

ಯಾರನ್ನು ಬೈಯುವುದು ಹೇಳಿ? ವಾರಿಜಾಳನ್ನಾ? ಉಸಿರಾಡಬೇಕು ಅಂತ ಎಣ್ಣೆ ಹಚ್ಚಿಕೊಂಡಳು, ಅಷ್ಟೇ. ಶ್ರೀಪತಿಯನ್ನಾ? ಪ್ರೀತಿಸಿದ್ದಕ್ಕಾ? ನಮ್ಮ ಇಷ್ಟಗಳೆಲ್ಲ ನಾವೇ ಆರಿಸಿಕೊಂಡವು ಅಂತ ನಾವು ತಿಳಿದುಕೊಂಡಿದ್ದೇವೆ. ಯಾವಾಗಲೋ, ಯಾರ ಮಡಿಲಲ್ಲೋ, ನಮಗೆ ಗೊತ್ತಾಗದ ಹಾಗೆ ಮೂಗು ಕಲಿತುಬಿಟ್ಟಿರುತ್ತದೆ. ನನ್ನ ಗಂಡ ಪ್ರೆಸ್ಸಿನಲ್ಲಿ ಕೆಲಸ ಮಾಡುವವರು. ಸಂಜೆ ಅವರ ಅಂಗಿಯಿಂದ ಶಾಯಿ, ಸೀಮೆಎಣ್ಣೆ ಬೆರೆತ ಘಾಟು ಬರುತ್ತದೆ. ಮೊದಲ ವರ್ಷ ಆ ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಬಕೆಟಿಗೆ ಹಾಕುತ್ತಿದ್ದೆ. ಈಗ ಅವರು ಪರವೂರಿಗೆ ಹೋದರೆ ಮನೆಯಲ್ಲಿ ಏನೋ ಕಡಿಮೆ ಅನಿಸುತ್ತದೆ. ಏನು ಅಂತ ಹಿಂದೆಲ್ಲ ಗೊತ್ತಾಗುತ್ತಿರಲಿಲ್ಲ. ಭಾನುವಾರದ ನಂತರ ಗೊತ್ತಾಗಿದೆ. ನನಗದು ಸುಖದ ವಿಷಯ. ಕಲಿಸಿದವರು ಇನ್ನೂ ಬದುಕಿದ್ದಾರೆ, ಅದೊಂದೇ ವ್ಯತ್ಯಾಸ.

ಇದನ್ನು ಬರೆಯುತ್ತಿರುವಾಗ ಪಕ್ಕದ ಮನೆಯವರು ಬಂದಿದ್ದರು. ನಮ್ಮ ಬೀದಿಯಲ್ಲಿ ಒಬ್ಬರ ಹೆಂಡತಿ ತೀರಿಕೊಂಡು ಇನ್ನೂ ವರ್ಷಾಂತ ಆಗಿಲ್ಲ. ಪಾಪ, ಆತ ಸೊರಗಿಹೋಗಿದ್ದಾರೆ. ಎಲ್ಲಾದರೂ ಬಡವರ ಮನೆಯ ಒಳ್ಳೆ ಹುಡುಗಿ ಇದ್ದರೆ ಹೇಳಿ, ಇನ್ನೊಂದು ಮದುವೆಯಾದರೆ ಎಲ್ಲ ಮರೆತುಹೋಗ್ತದೆ ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು. ಕಾಪುವಿನ ಆ ಅಮ್ಮನೂ ಒಳ್ಳೆಯ ಮನಸ್ಸಿನಿಂದಲೇ ಅಂದಿದ್ದರು. ನೋಡ್ತೇನೆ ಅಂತ ಹೇಳಿ ಕಳಿಸಲು ನನ್ನಿಂದ ಆಗಲಿಲ್ಲ. ಕಾಫಿ ಮಾತ್ರ ಕೊಟ್ಟೆ.

ಸತ್ತವಳನ್ನು ಮರೆಸುವ ಕೆಲಸಕ್ಕೆ ಬದುಕಿರುವ ಹೆಣ್ಣೊಬ್ಬಳನ್ನು ನೇಮಿಸುವಾಗ, ಈ ಕೆಲಸ ನಿನಗೆ ಒಪ್ಪಿಗೆಯಾ ಅಂತ ನಾವು ಯಾರಾದರೂ ಅವಳನ್ನು ಕೇಳಿದ್ದೇವಾ?